ನವೆಂಬರ್‌ಗೆ ಕಾಯಬೇಡಿ: ಅಮೆರಿಕದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಪೌರತ್ವ ಪಡೆದು, ಡೆಮಾಕ್ರಟಿಕ್ ಪಕ್ಷದ ಕಡೆ ಒಲವಿರುವ ಕನ್ನಡ ಬಂಧುಗಳೇ,

2028ಕ್ಕೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಎಂಬ ಚರ್ಚೆ ಕನ್ನಡ ಕೂಟದ ಊಟದ ಪಂಕ್ತಿಯಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಜೋರಾಗಿಯೇ ನಡೆದಿದೆ. ಕ್ಯಾಲಿಫೋರ್ನಿಯಾದ ನ್ಯೂಸಮ್ ಆಗಲಿ ಎನ್ನುವವರಿದ್ದಾರೆ, ಮಾಜಿ ಸಾರಿಗೆ ಸಚಿವ ಬುಟಿಜೆಜ್ ಆಗಲಿ ಎನ್ನುವವರಿದ್ದಾರೆ, ಮಾಜಿ ಉಪಾಧ್ಯಕ್ಷೆ ಹ್ಯಾರಿಸ್‌ಗೆ ಇನ್ನೊಂದು ಅವಕಾಶ ಕೊಡಬೇಕು ಎನ್ನುವವರೂ ಇದ್ದಾರೆ. ಇಷ್ಟೆಲ್ಲ ವಾದಿಸುವ ಅನೇಕರು ಪ್ರೈಮರಿಯ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯ) ದಿನ ಮತ ಹಾಕುವುದೇ ಇಲ್ಲ. ‘ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಹೇಗೂ ಹಾಕುತ್ತೇವಲ್ಲ’ ಎಂಬ ಸಮಾಧಾನ ಅವರದು. ಆ ಸಮಾಧಾನ ಯಾಕೆ ತಪ್ಪು ಎಂದು ಹೇಳಲೇ ಈ ಪತ್ರ.

ನಮ್ಮವರು ಹೆಚ್ಚಾಗಿ ನೆಲೆಸಿರುವ ರಾಜ್ಯಗಳನ್ನು ನೋಡಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಮತ್ತು ಇಲಿನಾಯ್ 1992ರಿಂದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಡೆಮಾಕ್ರಟರಿಗೇ ಒಲಿದಿವೆ. ವಾಷಿಂಗ್ಟನ್ ರಾಜ್ಯ 1988ರಿಂದ ಹಾಗೆಯೇ ಇದೆ. ಟೆಕ್ಸಾಸ್ 1980ರಿಂದ ರಿಪಬ್ಲಿಕನ್ನರ ಕೈಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೋ ನ್ಯೂಜೆರ್ಸಿಯ ಎಡಿಸನ್‌ನಲ್ಲೋ ನವೆಂಬರ್‌ನಲ್ಲಿ ಹಾಕುವ ಒಂದು ಮತದಿಂದ ಅಧ್ಯಕ್ಷರ ಆಯ್ಕೆ ಆ ಕಡೆ ಈ ಕಡೆ ಆಗುವ ಸಂಭವ ಬಹಳ ಕಡಿಮೆ. ಆ ಮತ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಭ್ಯರ್ಥಿ ಯಾರು ಎಂಬುದು ಪ್ರೈಮರಿಯಲ್ಲಿ ತೀರ್ಮಾನವಾಗುತ್ತದೆ, ಅಲ್ಲಿ ನಿಮ್ಮ ಕ್ಷೇತ್ರದ ಕೆಲವು ಸಾವಿರ ಮತಗಳು ನಿಜವಾಗಿ ಲೆಕ್ಕವನ್ನು ಬದಲಿಸುತ್ತವೆ. ಆ ಲೆಕ್ಕವನ್ನು ಮೊದಲು ಅರ್ಥ ಮಾಡಿಕೊಳ್ಳೋಣ. ಅದು ಗೊತ್ತಿಲ್ಲದಿದ್ದರೆ ಅಭ್ಯರ್ಥಿಗಳ ಬಗೆಗಿನ ಚರ್ಚೆಯೆಲ್ಲ ಗಾಳಿಮಾತಾಗುತ್ತದೆ.

ಡೆಮಾಕ್ರಟಿಕ್ ಪ್ರೈಮರಿಯಲ್ಲಿ ದೇಶದ ಒಟ್ಟು ಮತ ಎಣಿಸಿ ಗೆದ್ದವರನ್ನು ಸಾರುವುದಿಲ್ಲ. ಎಣಿಕೆಗೆ ಬರುವುದು ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪ್ರತಿನಿಧಿಗಳು. 2020ರಲ್ಲಿ ಮತದಾರರ ತೀರ್ಪಿಗೆ ಬದ್ಧರಾದ ಡೆಲಿಗೇಟ್‌ಗಳು 3,979 ಇದ್ದರು, ಗೆಲುವಿಗೆ 1,991 ಬೇಕಿತ್ತು. ಒಂದು ರಾಜ್ಯದ ಇಂಥ ಡೆಲಿಗೇಟ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜಿಲ್ಲಾವಾರು, ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕ್ಷೇತ್ರಗಳಲ್ಲಿ (ಕೆಲವು ರಾಜ್ಯಗಳಲ್ಲಿ ಬೇರೆ ಬಗೆಯ ವಿಭಾಗಗಳಲ್ಲಿ) ಹಂಚಿಕೆಯಾಗುತ್ತದೆ. ಉಳಿದದ್ದು ಇಡೀ ರಾಜ್ಯದ ಮತದ ಮೇಲೆ. ಈ ಎರಡೂ ಕಡೆ ಶೇ. 15ರ ಒಂದು ಗೆರೆ ಇದೆ. ಅದನ್ನು ದಾಟದ ಅಭ್ಯರ್ಥಿಗೆ ಅಲ್ಲಿ ಸೊನ್ನೆ. ಗೆರೆ ದಾಟಿದವರು ತಮ್ಮೊಳಗೆ ಮಾತ್ರ ಪ್ರಮಾಣಾನುಸಾರ ಹಂಚಿಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಕ್ಷೇತ್ರಕ್ಕೆ ಐದು ಡೆಲಿಗೇಟ್‌ಗಳು ಎಂದಿಟ್ಟುಕೊಳ್ಳಿ. ಮೊದಲನೆಯವರಿಗೆ ಶೇ. 30, ಎರಡನೆಯವರಿಗೆ ಶೇ. 24, ಮೂರನೆಯ ಮತ್ತು ನಾಲ್ಕನೆಯವರಿಗೆ ತಲಾ ಶೇ. 14, ಮಿಕ್ಕ ಶೇ. 18 ಚಿಲ್ಲರೆಯಾಗಿ ಹರಿದು ಹೋಯಿತು. ಮೊದಲ ಇಬ್ಬರಿಗೆ ಮಾತ್ರ ಪಾಲು: 3 ಮತ್ತು 2. ನೂರರಲ್ಲಿ 46 ಜನ ಸಾಲಿನಲ್ಲಿ ನಿಂತು ಹಾಕಿದ ಮತಕ್ಕೆ ಆ ಕ್ಷೇತ್ರದಲ್ಲಿ ಒಬ್ಬ ಡೆಲಿಗೇಟ್ ಕೂಡ ಹುಟ್ಟಲಿಲ್ಲ. ಮೂರನೆಯ ಅಭ್ಯರ್ಥಿಗೆ ಇನ್ನು ಶೇ. 1 ಸಿಕ್ಕಿದ್ದರೆ ಅವರೂ ಪಾಲುದಾರರಾಗುತ್ತಿದ್ದರು. ನಿಮ್ಮ ಮನೆಯ ಎರಡು, ಪಕ್ಕದ ಬೀದಿಯ ನಾಲ್ಕು, ಕನ್ನಡ ಶಾಲೆಯ ಪೋಷಕರ ಇಪ್ಪತ್ತು ಮತಗಳು ಎಲ್ಲಿ ಕೆಲಸ ಮಾಡುತ್ತವೆ ಎಂದು ಕೇಳಿದರೆ, ಇಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ನಾಲ್ಕು ಡೆಲಿಗೇಟ್‌ಗಳ ಕ್ಷೇತ್ರದಲ್ಲಿ ಇಬ್ಬರೇ ಉಳಿದಿದ್ದರೆ, 60–40ರ ಗೆಲುವು ಕೂಡ 2–2 ಆಗಿಯೇ ಮುಗಿಯುತ್ತದೆ. 3–1 ಆಗಬೇಕಾದರೆ ಶೇ. 62.5 ದಾಟಬೇಕು. ಐದು ಡೆಲಿಗೇಟ್‌ಗಳ ಕ್ಷೇತ್ರದಲ್ಲಾದರೆ ಶೇ. 51 ಸಾಕು, 3–2. ಹೀಗಾಗಿ ಬೆಸಸಂಖ್ಯೆಯ ಕ್ಷೇತ್ರಗಳಲ್ಲಿ ಸಣ್ಣ ಅಂತರಕ್ಕೂ ಬೆಲೆ ಇದೆ, ಸಮಸಂಖ್ಯೆಯ ಕ್ಷೇತ್ರಗಳಲ್ಲಿ ದೊಡ್ಡ ಅಂತರವೂ ಕೆಲವೊಮ್ಮೆ ವ್ಯರ್ಥ. ಪ್ರಚಾರಕ್ಕೆ ಸ್ವಯಂಸೇವಕರಾಗಿ ಹೋಗುವವರು ತಮ್ಮ ಕ್ಷೇತ್ರಕ್ಕೆ ಎಷ್ಟು ಡೆಲಿಗೇಟ್ ಎಂಬುದನ್ನು ಮೊದಲು ಕೇಳಿಕೊಳ್ಳಿ. ರಾಜ್ಯ ಪಕ್ಷದ ಡೆಲಿಗೇಟ್ ಆಯ್ಕೆ ಯೋಜನೆಯಲ್ಲಿ ಕ್ಷೇತ್ರವಾರು ಸಂಖ್ಯೆ ಇರುತ್ತದೆ.

ಈ ಗಣಿತವನ್ನು 2008ರಲ್ಲಿ ಒಬಾಮಾ ತಂಡ ಚೆನ್ನಾಗಿ ಅರಿತಿತ್ತು. ಆ ವರ್ಷ ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಸೂಪರ್ ಟ್ಯೂಸ್ಡೇಯಂದು ನ್ಯೂಜೆರ್ಸಿಯಲ್ಲಿ ಹಿಲರಿ ಕ್ಲಿಂಟನ್ ಗೆದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ಆ ರಾಜ್ಯದಿಂದ ಅವರಿಗೆ ಸಿಕ್ಕ ಮುನ್ನಡೆ 11 ಡೆಲಿಗೇಟ್. ಅದೇ ದಿನ ಐಡಾಹೊ ಎಂಬ ಪುಟ್ಟ ರಾಜ್ಯದ ಕಾಕಸ್‌ನಲ್ಲಿ (ಪಕ್ಷದವರು ಸಭೆ ಸೇರಿ ಆರಿಸುವ ಪದ್ಧತಿ), ಇಪ್ಪತ್ತೊಂದು ಸಾವಿರದಷ್ಟು ಜನ ಸೇರಿದ್ದಲ್ಲಿ, ಒಬಾಮಾ 15–3ರಿಂದ ಗೆದ್ದು 12ರ ಮುನ್ನಡೆ ಪಡೆದರು. ಟೆಕ್ಸಾಸ್‌ನಲ್ಲಿ ಪ್ರೈಮರಿ ಗೆದ್ದವರು ಕ್ಲಿಂಟನ್, ಕಾಕಸ್ಸೂ ಸೇರಿ ಹೆಚ್ಚು ಡೆಲಿಗೇಟ್ ಹೊತ್ತೊಯ್ದವರು ಒಬಾಮಾ. ‘ಯಾರು ಎಷ್ಟು ರಾಜ್ಯ ಗೆದ್ದರು’ ಎಂಬ ಟಿವಿ ನಕಾಶೆ ನೋಡಿ ಸ್ಪರ್ಧೆಯನ್ನು ಅಳೆಯಬೇಡಿ ಎನ್ನುವುದು ಇದಕ್ಕೇ.

ರಿಪಬ್ಲಿಕನ್ ಪಕ್ಷದಲ್ಲಿ ಪದ್ಧತಿ ಬೇರೆ. ಅಲ್ಲಿ ಅನೇಕ ರಾಜ್ಯಗಳು ಗೆದ್ದವರಿಗೇ ಎಲ್ಲವನ್ನೂ ಕೊಡುತ್ತವೆ. 2016ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದ ಮತ ಶೇ. 32.5, ಸಿಕ್ಕ ಡೆಲಿಗೇಟ್ ಐವತ್ತಕ್ಕೆ ಐವತ್ತು. ವಿರೋಧಿಗಳು ಮತ ಹಂಚಿಕೊಂಡರು, ಟ್ರಂಪ್ ಎಲ್ಲವನ್ನೂ ಬಾಚಿದರು. ಡೆಮಾಕ್ರಟರಲ್ಲಿ ಹಾಗೆ ಒಂದೇ ದಿನದಲ್ಲಿ ಬಾಚಲು ಬರುವುದಿಲ್ಲ, ಆದರೆ ಒಮ್ಮೆ ಹಿಂದೆ ಬಿದ್ದವರು ಮೇಲೇರುವುದೂ ಅಷ್ಟೇ ಕಷ್ಟ, ಏಕೆಂದರೆ ಮುಂದಿರುವವರು ಸೋತ ರಾಜ್ಯದಲ್ಲೂ ಪಾಲು ಪಡೆಯುತ್ತಲೇ ಇರುತ್ತಾರೆ.

ಹಲವರು ಸ್ಪರ್ಧಿಸಿದಾಗ ಮತ ಹೇಗೆ ಒಡೆಯುತ್ತದೆ ಎಂಬುದಕ್ಕೆ ನಮ್ಮ ನೆಲದ ನಂಟಿರುವ ಒಂದು ಉದಾಹರಣೆಯೇ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಶಿಗನ್ನಿನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ಶೇ. 28ರಷ್ಟು ಮತದಿಂದ. ಉಳಿದ ಶೇ. 72 ಬೇರೆ ಬೇರೆ ಹೆಸರುಗಳಲ್ಲಿ ಚದುರಿಹೋಗಿತ್ತು. ಅದು ಡೆಮಾಕ್ರಟರ ಭದ್ರ ಕ್ಷೇತ್ರ. ಪ್ರೈಮರಿ ಗೆದ್ದವರು ಸಂಸತ್ತಿಗೆ ಹೋದಂತೆಯೇ. ಗೆದ್ದವರದು ಇದರಲ್ಲಿ ತಪ್ಪೇನಿಲ್ಲ, ನಿಯಮ ಹಾಗಿದೆ. ಮತದಾರರು ನಿಯಮ ತಿಳಿದು ಮತ ಹಾಕಬೇಕು, ಅಷ್ಟೆ.

ಇನ್ನು ಮತ ಯಾವಾಗ ಹಾಕಬೇಕು ಎಂಬ ಪ್ರಶ್ನೆ. ಅಧ್ಯಕ್ಷೀಯ ಪ್ರೈಮರಿಯಲ್ಲಿ ಆದಷ್ಟು ಬೇಗ ಹಾಕಿಬಿಡುವುದು ಒಳ್ಳೆಯ ಅಭ್ಯಾಸವಲ್ಲ. 2020 ಇದಕ್ಕೆ ಪಾಠ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಪತ್ರ ಚುನಾವಣೆಗೆ 29 ದಿನ ಮೊದಲೇ ಹೊರಡುತ್ತದೆ. ಆ ವರ್ಷ ಅದು ಫೆಬ್ರವರಿ 3, ಅಂದರೆ ಐಯೊವಾ ಕಾಕಸ್ ನಡೆದ ದಿನವೇ. ಮುಂದೆ ಏನಾಯಿತು? ಫೆಬ್ರವರಿ 11ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಡನ್‌ಗೆ ಬಿದ್ದದ್ದು ಶೇ. 8.4, ಡೆಲಿಗೇಟ್ ಸೊನ್ನೆ. ಅವರ ಕಥೆ ಮುಗಿಯಿತು ಎಂದರು. ಫೆಬ್ರವರಿ 22ರಂದು ನೆವಾಡಾದಲ್ಲಿ ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಭಾರಿ ಅಂತರದಿಂದ ಗೆದ್ದರು. ಇನ್ನು ಅವರೇ ಎಂದರು. ಫೆಬ್ರವರಿ 26ರಂದು ಸೌತ್ ಕ್ಯಾರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಸಾರಿದರು, 29ರಂದು ಅಲ್ಲಿ ಬೈಡನ್ ಸುಮಾರು ಅರ್ಧದಷ್ಟು ಮತ ಪಡೆದು ಗೆದ್ದರು. ಮಾರ್ಚ್ 1ರಂದು ಬುಟಿಜೆಜ್, ಮಾರ್ಚ್ 2ರಂದು ಸೆನೆಟರ್ ಏಮಿ ಕ್ಲೋಬುಶಾರ್ ಕಣದಿಂದ ಹಿಂದೆ ಸರಿದರು. ಮಾರ್ಚ್ 3ರಂದು 14 ರಾಜ್ಯಗಳ ಸೂಪರ್ ಟ್ಯೂಸ್ಡೇ, ಬೈಡನ್‌ಗೆ ಹತ್ತು ರಾಜ್ಯ. ಮೂರೇ ದಿನಗಳಲ್ಲಿ ಇಡೀ ಕಣದ ರೂಪ ಬದಲಾಯಿತು.

ಫೆಬ್ರವರಿ ಮಧ್ಯದಲ್ಲೇ ಬುಟಿಜೆಜ್‌ಗೋ ಕ್ಲೋಬುಶಾರ್‌ಗೋ ಮತ ಹಾಕಿ ಲಕೋಟೆ ಅಂಚೆಗೆ ಕೊಟ್ಟವರ ಮತ, ಎಣಿಕೆಯ ದಿನ ಕಣದಲ್ಲೇ ಇಲ್ಲದವರಿಗೆ ಬಿದ್ದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕಳಿಸಿದ ಮತಪತ್ರವನ್ನು ವಾಪಸ್ ಪಡೆದು ಬೇರೆಯವರಿಗೆ ಹಾಕಲು ಬರುವುದಿಲ್ಲ. ಆದ್ದರಿಂದ ಮತಪತ್ರ ಬಂದ ಕೂಡಲೇ ತೆರೆದು ನೋಡಿ, ಹೆಸರು, ವಿಳಾಸ, ಪಕ್ಷ ಸರಿಯಿದೆಯೇ ಎಂದು ಪರಿಶೀಲಿಸಿ. ಸ್ಥಳೀಯ ಹುದ್ದೆಗಳ ಆಯ್ಕೆಯನ್ನು ಮುಗಿಸಿಡಿ. ಅಧ್ಯಕ್ಷರ ಕಾಲಂ ಮಾತ್ರ ಖಾಲಿ ಬಿಟ್ಟು, ಮೊದಲಿನ ರಾಜ್ಯಗಳ ಫಲಿತಾಂಶ ಬರುವವರೆಗೆ ಕಾಯಿರಿ. ಕೊನೆಯ ವಾರಾಂತ್ಯದಲ್ಲಿ ತುಂಬಿಸಿ, ಅಂಚೆಗೆ ಹಾಕದೆ ಅಧಿಕೃತ ಡ್ರಾಪ್ ಬಾಕ್ಸ್‌ನಲ್ಲೇ ಹಾಕಿ. ಕೊನೆಯ ದಿನಗಳಲ್ಲಿ ಅಂಚೆಯನ್ನು ನಂಬಿದರೆ ಮೊಹರು ತಡವಾಗಿ ಬೀಳುವ ಅಪಾಯವಿದೆ.

2020ರಲ್ಲಿ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್ ರಾಜ್ಯಗಳ ಪಕ್ಷ ಘಟಕಗಳು ಈ ತೊಂದರೆಗೆ ಪರಿಹಾರ ಕಂಡುಕೊಂಡವು. ಮತದಾರರು ಒಂದು, ಎರಡು, ಮೂರು ಎಂದು ಆದ್ಯತೆ ಬರೆದರು. ಗೆರೆ ದಾಟದವರ ಮತ ಮುಂದಿನ ಆದ್ಯತೆಗೆ ಹೋಯಿತು. ಇದು ಎಲ್ಲ ರಾಜ್ಯಗಳಿಗೂ ಬರಬೇಕು. ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಆದ್ಯತಾ ಮತ ಹೊಸದಲ್ಲ. ನಿಮ್ಮ ರಾಜ್ಯ ಪಕ್ಷದ ಡೆಲಿಗೇಟ್ ಆಯ್ಕೆ ಯೋಜನೆಯ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಇಡುವಾಗ ಈ ಬೇಡಿಕೆಯನ್ನು ಬರೆದು ಕಳಿಸಿ. ಪಕ್ಷದ ನಿಯಮದ ಪ್ರಕಾರ ಆ ಕರಡಿಗೆ ಅಭಿಪ್ರಾಯ ಕೇಳಲೇಬೇಕು.

ಈಗ ನೋಂದಣಿ. ಅತಿ ಹೆಚ್ಚು ಮತಗಳು ಹಾಳಾಗುವುದು ಇಲ್ಲಿ, ಅದೂ ಸಣ್ಣ ಕಾರಣಗಳಿಗೆ.

ಕ್ಯಾಲಿಫೋರ್ನಿಯಾದಲ್ಲಿ ‘ಯಾವ ಪಕ್ಷವೂ ಬೇಡ’ ಎಂದು ನೋಂದಾಯಿಸಿದ್ದರೆ, ನಿಮಗೆ ಬರುವ ಮತಪತ್ರದಲ್ಲಿ ಅಧ್ಯಕ್ಷರ ಸ್ಪರ್ಧೆಯೇ ಇರುವುದಿಲ್ಲ. ಡೆಮಾಕ್ರಟಿಕ್ ಪಕ್ಷ ಇದುವರೆಗೆ ಇಂಥವರಿಗೆ ಅವಕಾಶ ಕೊಡುತ್ತ ಬಂದಿದೆ, ಆದರೆ ನೀವಾಗಿಯೇ ಆ ಪಕ್ಷದ ಮತಪತ್ರ ಕೇಳಿ ಪಡೆಯಬೇಕು. ಇನ್ನೂ ಕೆಟ್ಟದ್ದು ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿಯ ಗೊಂದಲ. ತಾವು ‘ಇಂಡಿಪೆಂಡೆಂಟ್’ ಎಂದುಕೊಂಡು ಆ ಚೌಕಕ್ಕೆ ಗುರುತು ಹಾಕಿದವರು ಅದೇ ಹೆಸರಿನ ಬಲಪಂಥೀಯ ಪಕ್ಷವೊಂದರ ಸದಸ್ಯರಾಗಿ ಕುಳಿತಿರುತ್ತಾರೆ, ಅವರಿಗೆ ಡೆಮಾಕ್ರಟಿಕ್ ಮತಪತ್ರ ಸಿಗುವುದಿಲ್ಲ. ಇವತ್ತೇ ರಾಜ್ಯದ ಮತದಾರರ ಜಾಲತಾಣದಲ್ಲಿ ನಿಮ್ಮ ಹೆಸರಿನ ಮುಂದೆ ಏನಿದೆ ಎಂದು ನೋಡಿ.

ವಾಷಿಂಗ್ಟನ್ ರಾಜ್ಯದಲ್ಲಿ ಪಕ್ಷದ ನೋಂದಣಿ ಇಲ್ಲ. ಆದರೆ ಅಧ್ಯಕ್ಷೀಯ ಪ್ರೈಮರಿಯಲ್ಲಿ ಮಾತ್ರ ಲಕೋಟೆಯ ಮೇಲೆ ಯಾವ ಪಕ್ಷ ಎಂದು ಗುರುತು ಹಾಕಿ ಸಹಿ ಮಾಡಬೇಕು. ಗುರುತು ಬಿಟ್ಟರೆ, ಅಥವಾ ಒಂದು ಪಕ್ಷಕ್ಕೆ ಗುರುತು ಹಾಕಿ ಒಳಗೆ ಇನ್ನೊಂದು ಪಕ್ಷದವರಿಗೆ ಮತ ಹಾಕಿದರೆ, ಮತ ಎಣಿಕೆಯಾಗುವುದಿಲ್ಲ. ಪಕ್ಷದ ಹೆಸರನ್ನು ಹೊರಗೆ ಬರೆಯಲು ಸಂಕೋಚಪಟ್ಟು ಖಾಲಿ ಬಿಡುವವರಿದ್ದಾರೆ. ಯಾವ ಪಕ್ಷ ಎಂಬುದು ಸಾರ್ವಜನಿಕ ದಾಖಲೆಯಾಗುತ್ತದೆ ಎಂಬುದು ನಿಜ, ಯಾರಿಗೆ ಹಾಕಿದಿರಿ ಎಂಬುದು ಗುಟ್ಟಾಗಿಯೇ ಉಳಿಯುತ್ತದೆ.

ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾಗಳಲ್ಲಿ ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಮತ. ನ್ಯೂಯಾರ್ಕಿನಲ್ಲಿ ಪಕ್ಷ ಬದಲಾವಣೆಗೆ ಫೆಬ್ರವರಿ 14 ಕೊನೆಯ ದಿನ. ಹಿಂದೆ ಇದು ಇನ್ನೂ ಕಠಿಣವಾಗಿತ್ತು: 2016ರಲ್ಲಿ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಗಡುವು ತಪ್ಪಿಸಿಕೊಂಡು ಸ್ವಂತ ತಂದೆಗೇ ಪ್ರೈಮರಿಯಲ್ಲಿ ಮತ ಹಾಕಲಾಗಲಿಲ್ಲ. ಟೆಕ್ಸಾಸ್‌ನಲ್ಲಿ ಯಾವ ಪಕ್ಷದ ಪ್ರೈಮರಿಗಾದರೂ ಹೋಗಬಹುದು, ಆದರೆ ಮಾರ್ಚ್‌ನಲ್ಲಿ ಒಂದು ಪಕ್ಷಕ್ಕೆ ಹಾಕಿದವರು ಅದೇ ವರ್ಷದ ಮರುಸುತ್ತಿನಲ್ಲಿ ಇನ್ನೊಂದಕ್ಕೆ ಹಾಕುವಂತಿಲ್ಲ. ನ್ಯೂಜೆರ್ಸಿಯ ಪ್ರೈಮರಿ ಜೂನ್‌ನಲ್ಲಿ. ಅಷ್ಟರಲ್ಲಿ ಸಾಮಾನ್ಯವಾಗಿ ಅಭ್ಯರ್ಥಿ ತೀರ್ಮಾನವಾಗಿರುತ್ತಾರೆ. ಅಲ್ಲಿನವರು ಪ್ರಭಾವ ಬೀರಬೇಕೆಂದಿದ್ದರೆ ಮೊದಲ ರಾಜ್ಯಗಳಿಗೆ ಫೋನ್ ಪ್ರಚಾರ ಮತ್ತು ದೇಣಿಗೆ ಇವೇ ದಾರಿ.

ನಮ್ಮವರಿಗೇ ಬರುವ ಇನ್ನೆರಡು ತೊಡಕುಗಳು. ಒಂದು, ಹೆಸರು. ಇನಿಷಿಯಲ್ ಬಿಡಿಸಿ ತಂದೆಯ ಹೆಸರನ್ನೋ ಊರ ಹೆಸರನ್ನೋ ಸರ್‌ನೇಮ್ ಮಾಡಿಕೊಂಡವರ ಪೌರತ್ವ ಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಮೂರರಲ್ಲೂ ಮೂರು ರೀತಿ ಇರುವುದುಂಟು. ನೋಂದಣಿಯ ಮಾಹಿತಿಯನ್ನು ಈ ದಾಖಲೆಗಳ ಜೊತೆ ತಾಳೆ ನೋಡುತ್ತಾರೆ, ಹೊಂದದಿದ್ದರೆ ಅರ್ಜಿ ನಿಂತುಬಿಡಬಹುದು. ಎರಡು, ಸಹಿ. ಅಂಚೆ ಮತಪತ್ರದ ಸಹಿಯನ್ನು ಹಳೆಯ ಸಹಿಯೊಂದಿಗೆ ಹೋಲಿಸುತ್ತಾರೆ. ಲೈಸೆನ್ಸ್‌ನಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಲಕೋಟೆಯ ಮೇಲೂ ಕನ್ನಡದಲ್ಲೇ ಮಾಡಿ. ಹೊಂದಿಲ್ಲ ಎಂದು ಚುನಾವಣಾ ಕಚೇರಿಯಿಂದ ಪತ್ರ ಬಂದರೆ ಅಸಡ್ಡೆ ಮಾಡದೆ ಕೂಡಲೇ ಉತ್ತರಿಸಿ.

ಪೌರತ್ವ ಪಡೆದ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಓದಲು ಬಾರದಿದ್ದರೆ, ಮತಗಟ್ಟೆಯೊಳಗೆ ತಮಗೆ ಬೇಕಾದವರನ್ನು ಸಹಾಯಕ್ಕೆ ಕರೆದೊಯ್ಯುವ ಹಕ್ಕು ಅವರಿಗೆ ಕೇಂದ್ರ ಮತದಾನ ಹಕ್ಕು ಕಾಯ್ದೆಯಲ್ಲಿದೆ. ಮಗ, ಸೊಸೆ, ನೆರೆಯವರು ಯಾರಾದರೂ ಆಗಬಹುದು. ಕೆಲಸಕ್ಕಿಟ್ಟುಕೊಂಡ ಮಾಲೀಕರು ಮತ್ತು ಕಾರ್ಮಿಕ ಸಂಘದ ಪ್ರತಿನಿಧಿ ಮಾತ್ರ ಆಗಬಾರದು. ಗ್ರೀನ್ ಕಾರ್ಡ್ ಇರುವವರಿಗೆ ಒಂದು ಎಚ್ಚರಿಕೆ: ಲೈಸೆನ್ಸ್ ಕಚೇರಿಯಲ್ಲಿ ‘ಮತದಾರರಾಗಿ ನೋಂದಾಯಿಸಲೇ’ ಎಂದು ಕೇಳಿದರೆ ಬೇಡ ಎನ್ನಿ. ಪೌರರಲ್ಲದವರು ನೋಂದಾಯಿಸಿದರೆ ಗಡೀಪಾರಿನವರೆಗೂ ಹೋಗಬಹುದು. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ದೇಣಿಗೆಯನ್ನೂ ಕೊಡುವಂತಿಲ್ಲ, ಸಂಬಳವಿಲ್ಲದ ಸ್ವಯಂಸೇವೆಗೆ ಮಾತ್ರ ಅಡ್ಡಿಯಿಲ್ಲ. ತೆರಿಗೆ ವಿನಾಯಿತಿ ಪಡೆದ ಕನ್ನಡ ಕೂಟಗಳು ರಾಜ್ಯೋತ್ಸವದ ದಿನ ಮತದಾರರ ನೋಂದಣಿಗೆ ಮೇಜು ಹಾಕಬಹುದು, ಹಾಕಲಿ. ಆದರೆ ವೇದಿಕೆಯಿಂದ ಒಬ್ಬ ಅಭ್ಯರ್ಥಿಗೆ ಬೆಂಬಲ ಸಾರಿದರೆ ಆ ವಿನಾಯಿತಿಗೇ ಕುತ್ತು.

ಇನ್ನು ಅಭ್ಯರ್ಥಿಗಳ ವಿಷಯ. ಇಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ.

ಮೊದಲನೆಯದಾಗಿ, ನಿಜವಾದ ಸ್ಪರ್ಧೆ ಬೇಕು. 2024ರಲ್ಲಿ ಪಕ್ಷ ಅದನ್ನು ತಪ್ಪಿಸಿತು. ಪ್ರೈಮರಿಯಲ್ಲಿ ಪಕ್ಷ ಒಂದೂ ಚರ್ಚೆ ನಡೆಸಲಿಲ್ಲ. ಫ್ಲಾರಿಡಾ ಘಟಕ ಬೈಡನ್ ಹೆಸರೊಂದನ್ನೇ ಕಳಿಸಿದ್ದರಿಂದ ಅಲ್ಲಿ ಪ್ರೈಮರಿಯೇ ನಡೆಯಲಿಲ್ಲ. ಮಿನೆಸೋಟಾದ ಡೀನ್ ಫಿಲಿಪ್ಸ್ ಎದುರು ನಿಂತು, ವಯಸ್ಸಿನ ಪ್ರಶ್ನೆ ಎತ್ತಿದಾಗ ಅವರನ್ನು ಪಕ್ಷದ್ರೋಹಿಯಂತೆ ಕಂಡರು. ಮಿಶಿಗನ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ‘ಯಾರಿಗೂ ಬದ್ಧರಲ್ಲ’ ಎಂದು ಮತ ಹಾಕಿ ಎಚ್ಚರಿಸಿದರು. ಜೂನ್ 27ರ ಅಟ್ಲಾಂಟಾ ಚರ್ಚೆಯಲ್ಲಿ ಬೈಡನ್ ತಡವರಿಸಿದ್ದನ್ನು ದೇಶವೇ ನೋಡಿತು. ಜುಲೈ 21ರಂದು ಅವರು ಹಿಂದೆ ಸರಿದಾಗ ಮತದಾರರನ್ನು ಮತ್ತೆ ಕೇಳಲು ಸಮಯವೇ ಉಳಿದಿರಲಿಲ್ಲ. ಆಗಸ್ಟ್ ಮೊದಲ ವಾರ ಡೆಲಿಗೇಟ್‌ಗಳು ಆನ್‌ಲೈನ್ ಮತದಿಂದ ಹ್ಯಾರಿಸ್ ಅವರನ್ನು ಆರಿಸಿದರು. 107 ದಿನಗಳ ಪ್ರಚಾರದಲ್ಲಿ ಅವರು 226 ಎಲೆಕ್ಟೊರಲ್ ಮತ ಗಳಿಸಿ ಸೋತರು. ಜನವರಿಯಲ್ಲೇ ಬಿಸಿಲು ಮಳೆಗೆ ಒಡ್ಡಿದ್ದರೆ ಪೈರು ಗಟ್ಟಿಯೋ ಅಲ್ಲವೋ ಎಂದು ಆಗಲೇ ತಿಳಿಯುತ್ತಿತ್ತು. ಆದ್ದರಿಂದ ‘ಪಕ್ಷದೊಳಗೆ ಜಗಳ ಬೇಡ, ಬೇಗ ಒಬ್ಬರ ಹಿಂದೆ ನಿಲ್ಲೋಣ’ ಎನ್ನುವವರ ಮಾತನ್ನು ಒಪ್ಪಬೇಡಿ.

ಎರಡನೆಯದು, ಅಭ್ಯರ್ಥಿ ತನ್ನಂಥವರನ್ನಲ್ಲದೆ ಬೇರೆ ಯಾರನ್ನು ಸೇರಿಸಬಲ್ಲರು ಎಂಬುದು. ಬುಟಿಜೆಜ್ 2020ರಲ್ಲಿ ಐಯೊವಾದಲ್ಲಿ ಅತಿ ಹೆಚ್ಚು ಡೆಲಿಗೇಟ್ ಪಡೆದರು, ಆಫ್ರಿಕನ್ ಅಮೆರಿಕನ್ ಮತದಾರರೇ ಬಹುಸಂಖ್ಯಾತರಾದ ಸೌತ್ ಕ್ಯಾರೊಲಿನಾ ಪ್ರೈಮರಿಯಲ್ಲಿ ಶೇ. 8.2ಕ್ಕೆ ನಿಂತರು. ಮಾತಿನಲ್ಲಿ ಅವರಷ್ಟು ಸ್ಪಷ್ಟತೆ ಇರುವವರು ಪಕ್ಷದಲ್ಲಿ ಕಡಿಮೆ. ಆದರೆ ಆ ಅಂತರ ಈಗ ತುಂಬಿದೆಯೇ ಎಂಬ ಪ್ರಶ್ನೆಗೆ ಟಿವಿ ಸಂದರ್ಶನ ಉತ್ತರವಾಗದು. ಸ್ಯಾಂಡರ್ಸ್ ದಾರಿಯಲ್ಲಿ ಬರುವ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೋರ್ಟೆಜ್ ಅವರಿಗೂ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ: ಯುವಜನರ ಉತ್ಸಾಹದ ಜೊತೆಗೆ ಅರವತ್ತು ದಾಟಿದ ಮತದಾರರು ಬರುತ್ತಾರೆಯೇ? 2020ರಲ್ಲಿ ಸ್ಯಾಂಡರ್ಸ್ ನಿಂತದ್ದು ಅಲ್ಲೇ.

ಮೂರನೆಯದು, ನಿಲುವು ಬದಲಾಗದಿರುವುದು. ಹ್ಯಾರಿಸ್ 2017ರಲ್ಲಿ ಸ್ಯಾಂಡರ್ಸ್ ಅವರ ಎಲ್ಲರಿಗೂ ಮೆಡಿಕೇರ್ (ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ) ಮಸೂದೆಗೆ ಸಹಮಂಡಕರಾಗಿ ಸಹಿ ಹಾಕಿದರು, 2019ರ ಜನವರಿಯಲ್ಲಿ ಖಾಸಗಿ ವಿಮೆ ಹೋಗಲಿ ಎಂಬರ್ಥದ ಮಾತಾಡಿದರು, ಜುಲೈ ಹೊತ್ತಿಗೆ ಖಾಸಗಿ ವಿಮೆಗೂ ಜಾಗ ಕೊಡುವ ತಮ್ಮದೇ ಯೋಜನೆ ಮುಂದಿಟ್ಟರು. ಡಿಸೆಂಬರ್ 3ಕ್ಕೆ, ಒಂದು ಮತವೂ ಬೀಳುವ ಮೊದಲೇ, ಕಣ ಬಿಟ್ಟರು. ಅವರು ಸಮರ್ಥರಲ್ಲ ಎಂದು ನಾವು ಹೇಳುತ್ತಿಲ್ಲ. 2028ಕ್ಕೆ ಬರುವುದಾದರೆ ಆರೋಗ್ಯ ವಿಮೆಯ ಬಗ್ಗೆ ಮೊದಲ ದಿನವೇ ಒಂದು ಉತ್ತರ ಕೊಟ್ಟು ಅದಕ್ಕೇ ನಿಲ್ಲಬೇಕು.

ನಾಲ್ಕನೆಯದು, ಆಡಳಿತ ಮಾಡಿ ತೋರಿಸಿದ್ದು. ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪೀರೊ 2023ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಐ-95 ಹೆದ್ದಾರಿಯ ಸೇತುವೆ ಕುಸಿದಾಗ 12 ದಿನಗಳಲ್ಲಿ ಸಂಚಾರ ತೆರೆಸಿದರು. ಇಂಥದ್ದು ಎಣಿಕೆಗೆ ಬರಬೇಕು. ಕ್ಯಾಲಿಫೋರ್ನಿಯಾದ ನ್ಯೂಸಮ್ 2025ರಲ್ಲಿ ಪ್ರಪೊಸಿಷನ್ 50ರ (ಕಾಂಗ್ರೆಸ್ ಕ್ಷೇತ್ರಗಳ ಗಡಿ ಬದಲಿಸುವ ಜನಮತ ಪ್ರಸ್ತಾವದ) ಮೂಲಕ ಟ್ರಂಪ್‌ಗೆ ಎದುರು ನಿಲ್ಲಬಲ್ಲೆ ಎಂದು ತೋರಿಸಿದರು. ಆದರೆ ಮನೆ ಬೆಲೆ ಮತ್ತು ಬೀದಿಯಲ್ಲಿ ಬದುಕುವವರ ಸಂಕಷ್ಟದ ಬಗ್ಗೆ ಅವರ ರಾಜ್ಯದ ಮತದಾರರೇ ಕಠಿಣ ಪ್ರಶ್ನೆ ಕೇಳಬೇಕು. ಇನ್ನೊಂದನ್ನೂ ಕೇಳಬೇಕು. 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಎಸ್‌ಬಿ 403 ಮಸೂದೆ ಶಾಸನಸಭೆಯಲ್ಲಿ ಅಂಗೀಕಾರವಾಗಿ ಅವರ ಮೇಜಿಗೆ ಬಂತು. ಈಗಿರುವ ಕಾನೂನೇ ಸಾಕು ಎಂದು ಅಕ್ಟೋಬರ್‌ನಲ್ಲಿ ತಿರಸ್ಕರಿಸಿದರು. ಈ ವಿಷಯದಲ್ಲಿ ನಮ್ಮ ಸಮುದಾಯದೊಳಗೇ ಭಿನ್ನಾಭಿಪ್ರಾಯವಿದೆ. ನಮ್ಮ ಮಟ್ಟಿಗೆ ಆ ತಿರಸ್ಕಾರ ತಪ್ಪು ನಿರ್ಧಾರ. ಈಗಿರುವ ಕಾನೂನು ಸಾಕೆನ್ನುವವರು ಅದು ಎಲ್ಲಿ, ಹೇಗೆ ಕೆಲಸ ಮಾಡಿತು ಎಂದು ತೋರಿಸಲಿ.

ಹಣದ ಬಗ್ಗೆ ಒಂದೇ ಮಾತು. 2020ರಲ್ಲಿ ಮೈಕಲ್ ಬ್ಲೂಮ್‌ಬರ್ಗ್ ನೂರು ಕೋಟಿ ಡಾಲರ್ ಆಸುಪಾಸು ಸ್ವಂತ ಹಣ ಸುರಿದು ಗೆದ್ದದ್ದು ಅಮೆರಿಕನ್ ಸಮೋವಾ ಒಂದನ್ನೇ. ಅದೇ ಸ್ಪರ್ಧೆಯ ಮೊದಲ ಚರ್ಚೆಗೆ ಅರ್ಹತೆ ಪಡೆಯಲು ಒಂದು ದಾರಿ 65,000 ದಾನಿಗಳು, ಅದೂ ಕನಿಷ್ಠ 20 ರಾಜ್ಯಗಳಲ್ಲಿ ತಲಾ 200ರಂತೆ. ಅಲ್ಲಿ ಒಂದು ಡಾಲರ್ ಕೊಟ್ಟವರೂ ಒಬ್ಬ ದಾನಿಯೇ. ಇಂಥ ನಿಯಮ ಮತ್ತೆ ಬಂದರೆ, ವೇದಿಕೆಯ ಮೇಲೆ ಕಾಣಬೇಕು ಅನ್ನಿಸಿದವರಿಗೆ ಬೇಗನೆ, ಸಣ್ಣ ಮೊತ್ತವೇ ಆಗಲಿ, ಕೊಡಿ.

‘ನಮ್ಮವರು’ ಎಂಬ ಒಂದೇ ಕಾರಣಕ್ಕೆ ಮತ ಹಾಕುವುದನ್ನು ಬಿಡೋಣ. ಹ್ಯಾರಿಸ್ ಅವರ ತಾಯಿ ಚೆನ್ನೈನವರು, ಸಿಲಿಕಾನ್ ವ್ಯಾಲಿಯನ್ನು ಪ್ರತಿನಿಧಿಸುವ ರೋ ಖನ್ನಾ ಅವರದು ಪಂಜಾಬಿ ಮನೆತನ. ಆ ಕಡೆ ನಿಕಿ ಹೇಲಿ, ವಿವೇಕ್ ರಾಮಸ್ವಾಮಿ ಕೂಡ ಭಾರತ ಮೂಲದವರೇ, ನಿಲುವುಗಳು ಉತ್ತರ ದಕ್ಷಿಣ. ಖನ್ನಾ ಕಣಕ್ಕೆ ಬಂದರೆ ಅವರ ಕೈಗಾರಿಕಾ ನೀತಿ, ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಕುರಿತ ಸರ್ಕಾರಿ ಕಡತಗಳನ್ನು ಬಹಿರಂಗಪಡಿಸುವ ವಿಷಯದಲ್ಲಿ ರಿಪಬ್ಲಿಕನ್ ಸಂಸದ ಥಾಮಸ್ ಮ್ಯಾಸಿ ಜೊತೆ ಸೇರಿ ಮಾಡಿದ ಕೆಲಸ ಇವುಗಳ ಮೇಲೆ ಅಳೆಯಿರಿ.

ವಲಸೆಯ ಬಗ್ಗೆ ಎಲ್ಲ ಅಭ್ಯರ್ಥಿಗಳೂ ಭರವಸೆ ಕೊಡುತ್ತಾರೆ. ಅಧ್ಯಕ್ಷರ ಕೈಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿದು ಪ್ರಶ್ನಿಸಿ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಕಾನೂನಿನಲ್ಲೇ ಇದೆ, ಅದನ್ನು ಕಾಂಗ್ರೆಸ್ ಮಾತ್ರ ಬದಲಿಸಬಹುದು. 2019ರಲ್ಲಿ ಆ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365–65ರಿಂದ ಗೆದ್ದಿತು, 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದ್ದನ್ನು ಅಂಗೀಕರಿಸಿತು, ಎರಡೂ ಒಂದಾಗದೆ ಬಿದ್ದುಹೋಯಿತು. ಎಚ್-4 (ಎಚ್-1ಬಿಯವರ ಸಂಗಾತಿಗಳ ವೀಸಾ) ಕೆಲಸದ ಪರವಾನಗಿಯಾದರೆ 2015ರಲ್ಲಿ ಒಬಾಮಾ ಆಡಳಿತ ನಿಯಮದಿಂದ ತಂದದ್ದು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂದದ್ದು ಟ್ರಂಪ್ ಘೋಷಣೆಯಿಂದ. ಇಂಥವನ್ನು ಮುಂದಿನ ಅಧ್ಯಕ್ಷರು ಉಳಿಸಬಹುದು, ತೆಗೆಯಬಹುದು. ಹಾಗಾಗಿ ಸಭೆಯಲ್ಲಿ ಮೈಕ್ ಸಿಕ್ಕಾಗ ‘ಗ್ರೀನ್ ಕಾರ್ಡ್ ಸಾಲು ಕರಗಿಸುತ್ತೀರಾ’ ಎಂದು ಕೇಳಬೇಡಿ, ಹೌದು ಎಂದುಬಿಡುತ್ತಾರೆ. ‘ಯಾವ ಮಸೂದೆಗೆ ಬೆಂಬಲ, ಸೆನೆಟ್‌ನಲ್ಲಿ ಮತಗಳನ್ನು ಎಲ್ಲಿಂದ ತರುತ್ತೀರಿ, ಮೊದಲ ತಿಂಗಳಲ್ಲಿ ಯಾವ ಆದೇಶ ಹಿಂತೆಗೆದುಕೊಳ್ಳುತ್ತೀರಿ’ ಎಂದು ಕೇಳಿ.

ಕೊನೆಗೆ, ನಮ್ಮಲ್ಲಿ ಬಹಳ ಕಡಿಮೆ ಜನ ಯೋಚಿಸುವ ಒಂದು ದಾರಿ: ಡೆಲಿಗೇಟ್ ಆಗುವುದು. ಅದಕ್ಕೆ ಶಾಸಕರಾಗಿರಬೇಕಿಲ್ಲ. ಪಕ್ಷದ ನೋಂದಣಿ ಇರುವ ರಾಜ್ಯಗಳಲ್ಲಿ ನೋಂದಾಯಿತ ಡೆಮಾಕ್ರಟ್ ಆಗಿದ್ದು, ರಾಜ್ಯ ಪಕ್ಷಕ್ಕೆ ಗಡುವಿನೊಳಗೆ ಉಮೇದುವಾರಿಕೆ ಪತ್ರ ಮತ್ತು ಯಾವ ಅಭ್ಯರ್ಥಿಯ ಪರ ಎಂಬ ಪ್ರತಿಜ್ಞೆ ಸಲ್ಲಿಸಬೇಕು. ಆ ಅಭ್ಯರ್ಥಿಯ ತಂಡ ಪಟ್ಟಿ ನೋಡಿ ತನಗೆ ನಂಬಿಕೆಯಿಲ್ಲದವರನ್ನು ತೆಗೆಯಬಹುದು, ಆದ್ದರಿಂದ ಅವರ ಪ್ರಚಾರದಲ್ಲಿ ಮೊದಲೇ ಕೆಲಸ ಮಾಡಿ ಪರಿಚಿತರಾಗಿರಬೇಕು. ಆಮೇಲೆ ನಿಮ್ಮ ಕ್ಷೇತ್ರದ ಡೆಮಾಕ್ರಟರು ಸೇರಿ ಆರಿಸುತ್ತಾರೆ. ಅನೇಕ ರಾಜ್ಯಗಳಲ್ಲಿ ಈ ಸಭೆಗಳಿಗೆ ಬರುವವರು ಕೆಲವೇ ಕೆಲವರು, ನಲವತ್ತು ಐವತ್ತು ಸ್ನೇಹಿತರನ್ನು ಕರೆತಂದವರು ಗೆಲ್ಲುತ್ತಾರೆ. ಗಂಡಸರು ಹೆಂಗಸರು ಸಮಪಾಲು ಇರಬೇಕೆಂಬ ನಿಯಮವಿರುವುದರಿಂದ ಹೆಣ್ಣುಮಕ್ಕಳು ಹಿಂಜರಿಯಬೇಕಿಲ್ಲ. ಸಮಾವೇಶದ ಪ್ರಯಾಣ, ವಸತಿಯ ಖರ್ಚು ಹೆಚ್ಚಾಗಿ ತಮ್ಮದೇ, ಅದಕ್ಕೆ ಸಿದ್ಧರಿರಿ.

ಇದು ಬರೀ ಗೌರವದ ಹುದ್ದೆ ಎಂದುಕೊಂಡಿದ್ದವರಿಗೆ 2024ರ ಜುಲೈ ಬೇರೆಯದನ್ನೇ ತೋರಿಸಿತು. ಪಕ್ಷದ ನಿಯಮ ಡೆಲಿಗೇಟ್‌ಗಳನ್ನು ಕಟ್ಟಿಹಾಕುವುದಿಲ್ಲ, ತಮ್ಮನ್ನು ಆರಿಸಿದವರ ಮನದಿಂಗಿತವನ್ನು ಆತ್ಮಸಾಕ್ಷಿಯಿಂದ ಪ್ರತಿಬಿಂಬಿಸಿ ಎನ್ನುತ್ತದೆ. ಬೈಡನ್‌ಗೆ ಬಿದ್ದಿದ್ದ 1.4 ಕೋಟಿಗೂ ಹೆಚ್ಚು ಪ್ರೈಮರಿ ಮತಗಳ ಜವಾಬ್ದಾರಿ ಒಂದು ಭಾನುವಾರ ಮಧ್ಯಾಹ್ನ ಸುಮಾರು ನಾಲ್ಕು ಸಾವಿರ ಜನರ ಹೆಗಲ ಮೇಲೆ ಬಂದು ಕೂತಿತು. ಹೊಸ ಅಭ್ಯರ್ಥಿಯಾಗಲು 300 ಡೆಲಿಗೇಟ್‌ಗಳ ಸಹಿ ಬೇಕಿತ್ತು, ಒಂದು ರಾಜ್ಯದಿಂದ 50ಕ್ಕಿಂತ ಹೆಚ್ಚಿಲ್ಲದಂತೆ. ಎರಡೇ ದಿನಗಳಲ್ಲಿ ಆ ಜನರ ಫೋನ್ ಕರೆಗಳಲ್ಲೇ ಎಲ್ಲವೂ ತೀರ್ಮಾನವಾಯಿತು.

2028ರ ಡೆಲಿಗೇಟ್ ಆಯ್ಕೆ ಯೋಜನೆಗಳನ್ನು ರಾಜ್ಯ ಘಟಕಗಳು ಪ್ರೈಮರಿಗಿಂತ ಬಹಳ ಮೊದಲೇ ಸಿದ್ಧಪಡಿಸುತ್ತವೆ. ನಿಮ್ಮ ಕೌಂಟಿ ಪಕ್ಷದ ಮುಂದಿನ ತಿಂಗಳ ಸಭೆಗೆ ಹೋಗಿ, ಕರಡು ಯಾವಾಗ ಹೊರಬರುತ್ತದೆ, ಉಮೇದುವಾರಿಕೆಗೆ ಕೊನೆಯ ದಿನ ಯಾವುದು ಎಂದು ಕೇಳಿ ಬರೆದುಕೊಳ್ಳಿ. ಹೋಗುವಾಗ ಇನ್ನಿಬ್ಬರು ಕನ್ನಡಿಗರನ್ನು ಜೊತೆಗೆ ಕರೆದೊಯ್ಯಿರಿ.

ಇಂತಿ,
ಪ್ರೈಮರಿಯನ್ನು ತಪ್ಪದೆ ಹಿಂಬಾಲಿಸುವ ಕನ್ನಡ ಮತದಾರರು